ಹೊರೆಗಲ್ಲಿಗೆ ಬೇಲಿ

ಮತ್ತಿಘಟ್ಟದಿಂದ ಕೆಳಗಿನ ಬಂದರಿಗೆ ಇಳಿಯುವ ಹಳೇ ದಾರಿಯಲ್ಲಿ ಬಹಳ ಕಾಲ ನಡೆದಾಡಿದವನು ಕೆರಿಯ ಒಬ್ಬನೇ. ಅಡಿಯ ಹಾಸುಗಲ್ಲುಗಳಲ್ಲಿ ಮೆಣಸು ಹೊತ್ತ ಹೇರೆತ್ತುಗಳ ಗೊರಸಿನ ಕುಳಿಗಳಿವೆ. ಅವುಗಳ ಮೇಲೆ ಬ್ರಿಟಿಷರ ಕಾಲದ ಮೋರಿ, ಮೋರಿಯ ಮೇಲೆ ಉಪ್ಪು ತರುವವರು ಸವೆಸಿದ ಕಾಲುಹಾದಿ. ಎಲ್ಲದರ ಮೇಲೂ ತರಗೆಲೆ. ತಿರುವಿನಲ್ಲಿ ನಿಂತರೆ ದೋಣಿಗಳು ಅಕ್ಕಿಕಾಳಿನಷ್ಟು ಕಾಣುತ್ತವೆ.

ಆ ತಿರುವಿನಲ್ಲೇ, ಅವನ ಹರೆಯದಲ್ಲಿ, ಹೆಂಡತಿ ಮಂಜಿ ಸತ್ತದ್ದು. ತುಂಬಿದ ಬಸುರಿಯನ್ನು ಕಂಬಳಿ ಜೋಲಿಯಲ್ಲಿ ಬಂದರಿನ ಆಸ್ಪತ್ರೆಗೆ ಹೊತ್ತೊಯ್ಯುತ್ತಿದ್ದರು. ಬಸುರಿ ಸತ್ತರೆ ಹೊಟ್ಟೆಯ ಹೊರೆ ಹೊತ್ತೇ ಅಲೆಯುತ್ತಾಳೆ ಎಂಬುದು ಅವನ ಕಡೆಯವರ ನಂಬಿಕೆ. ಅದಕ್ಕೇ ಅಲ್ಲೊಂದು ಹೊರೆಗಲ್ಲು ನೆಟ್ಟ: ಎರಡು ಕಂಬ, ಮೇಲೊಂದು ಅಡ್ಡಗಲ್ಲು. ಸಂಬಂಧವಿಲ್ಲದ ದಾರಿಹೋಕರು ಯಾರಾದರೂ ತಾವಾಗಿಯೇ ಅದರ ಮೇಲೆ ಹೊರೆ ಇಳಿಸಿದರೆ ಅವಳದೂ ಇಳಿಯುತ್ತದೆ. ಇಳಿಸೆಂದು ನಾವೇ ಹೇಳಿದರೆ ನಡೆಯದು. ಕಲ್ಲು ನೆಟ್ಟ ಮರುವರ್ಷವೇ ಘಟ್ಟಕ್ಕೆ ಬಸ್ಸು ಬಂತು. ಹೊರೆ ಹೊತ್ತವರು ಆ ದಾರಿ ಬಿಟ್ಟರು.

ಕಳೆದ ಚಳಿಗಾಲ ಶಿರಸಿಯ ಇತಿಹಾಸದ ಮೇಷ್ಟ್ರು ಮನೋಹರ ಹೆಗಡೆ ಹಳೇ ದಾರಿಗಳನ್ನು ಹುಡುಕುತ್ತ ಬಂದಾಗ ಕೆರಿಯ ಸುಳ್ಳು ಹೇಳಿದ.

"ಮೆಣಸಿನ ರಾಣಿ ಕಾಲದ ಹೊರೆಗಲ್ಲು ಐತ್ರಾ ಹೆಗಡೇರೆ ಅಲ್ಲಿ. ನಮ್ಮಜ್ಜನ ಅಜ್ಜ ಹೇಳ್ತಿದ್ನಂತೆ."

ಹೀಗಾದರೂ ಬೆನ್ನಿಗೆ ಚೀಲ ಹಾಕಿಕೊಂಡವರು ಆ ಕಡೆ ಬಂದಾರೆಂದು ಅವನ ಆಸೆ.

ಮುಂದಿನ ಭಾನುವಾರವೇ ಮೇಷ್ಟ್ರು ವಿದ್ಯಾರ್ಥಿಗಳನ್ನು ಕರೆತಂದರು. ಕೆರಿಯ ಮುಳ್ಳು ಸವರುತ್ತ ಮುಂದೆ ನಡೆದ. ತಿರುವಿಗೆ ಬರುವಷ್ಟರಲ್ಲಿ ಸಂಹಿತಾ ಎಂಬ ಹುಡುಗಿ ಸೋತಿದ್ದಳು. "ಅಯ್ಯೋ, ಹೆಗಲು ಬಿದ್ದೋತು" ಎನ್ನುತ್ತ ಚೀಲ ಕಳಚಿ ಅಡ್ಡಗಲ್ಲಿನತ್ತ ಎತ್ತಿದಳು. ಕೆರಿಯ ಮುಳ್ಳು ಸವರುವುದನ್ನು ನಿಲ್ಲಿಸಿ ತಿರುಗಿ ನೋಡಿದ.

"ಇಡಡ ಮಾರಾಯ್ತಿ!" ಮೇಷ್ಟ್ರು ಕೂಗಿದರು. "ನಾನೂರು ವರ್ಷದ ಕಲ್ಲು ಅದು. ನಿನ್ನ ಮನೆ ಕಪಾಟು ಅಂದ್ಕಂಡ್ಯನೇ?"

ಎಲ್ಲರೂ ನಕ್ಕರು. ಹುಡುಗಿ ನಾಚಿ ಚೀಲವನ್ನು ನೆಲಕ್ಕೆ ಬಿಟ್ಟಳು.

ಬೇಸಿಗೆಗೆ ಮೇಷ್ಟ್ರ ಅರ್ಜಿಯ ಮೇಲೆ ಕಲ್ಲಿಗೊಂದು ಬೇಲಿ ಮಂಜೂರಾಯಿತು. ಕಬ್ಬಿಣದ ಕಂಬ ಹೊರುವ ಕೂಲಿ ಕೆರಿಯನಿಗೇ ಸಿಕ್ಕಿತು. ಕಂಬಗಳನ್ನು ನೆಲಕ್ಕೆ ಹಾಕಿ ಅವನು ಕೈಮುಗಿದ.

"ಬ್ಯಾಡ್ರಾ ಹೆಗಡೇರೆ. ಅದು ರಾಣಿದಲ್ಲ, ನಮ್ಮ ಮಂಜಿದು. ನಾನೇ ನೆಟ್ಟದ್ದು."

"ಎಂತದೋ ಕೆರಿಯಾ, ಬೆಳಿಗ್ಗೆನೇ ಹಾಕ್ಕಂಡ್ಯನೋ?"

"ಅವತ್ತು ಸುಳ್ಳು ಹೇಳ್ದೆ ಒಡೆಯಾ. ಜನ ಬರ್ಲಿ ಅಂತ."

"ಬಂದ್ರಲ್ಲೋ ಜನ! ಇನ್ನೆಂತ ಬೇಕು ನಿಂಗೆ?" ಮೇಷ್ಟ್ರು ಅವನ ಬೆನ್ನು ತಟ್ಟಿದರು. ಬೇಲಿಗೆ ಬೀಗ ಬಿತ್ತು. ಕೀಲಿಯನ್ನು ಮೇಷ್ಟ್ರು ಶಿರಸಿಗೆ ಒಯ್ದರು. ಕಾವಲಿಗೆ ಕೆರಿಯನನ್ನೇ ಇಟ್ಟರು.

ಈಗ ಭಾನುವಾರವೆಲ್ಲ ಜನವೋ ಜನ. ಮೊನ್ನೆ ಬಸ್ಸು ಕೆಟ್ಟು ನಿಂತಿತೆಂದು ಮೀನಿನ ವೆಂಕಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬಂದರಿನಿಂದ ಅದೇ ದಾರಿ ಹತ್ತಿ ಬಂದಳು. ಹೊರೆಗಲ್ಲು ಕಂಡದ್ದೇ ಅವಳ ಮುಖ ಅರಳಿತು. ಹತ್ತಿರ ಬಂದು ತಂತಿ ನೋಡಿ ನಿಂತಳು.

"ಹೊರೆಗಲ್ಲಿಗೆ ಬೇಲಿಯಾ! ಯಾವ ಪಾಪಿ ಹಾಕದ್ದು ಅಜ್ಜಾ ಇದು?"

"ನಾನೇ" ಎಂದ ಕೆರಿಯ. ಬುಟ್ಟಿಯನ್ನು ನೆಲಕ್ಕಿಳಿಸಲು ಅವಳಿಗೆ ಕೈಕೊಟ್ಟ.