ಮೌನೇಶ್ವರನ ಪಾಲಾದ ಸರ್ಕಾರಿ ಟಗರು

ಶಹಾಪುರದಿಂದ ವನದುರ್ಗಕ್ಕೆ ಹೋಗುವ ದಾರಿಯಲ್ಲಿ ಒಂದು ಕುರಿ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ನಾನು ಉಣ್ಣೆ ವಿಂಗಡಿಸುವ ಹಂಗಾಮಿ ಕೆಲಸದವಳು. ಗಂಡ ತೀರಿಕೊಂಡ ಮೇಲೆ ಸುರಪುರದಲ್ಲಿ ಅಣ್ಣನ ಮನೆ ಸೇರಿದ್ದೆ. ಅಣ್ಣ ಪಾಪದವನು, ಅತ್ತಿಗೆಯ ಬಾಯಿ ಮಾತ್ರ ಹರಿತ. "ಇನ್ನೊಂದ ರೊಟ್ಟಿ ಬೇಕೇನ?" ಎಂದು ಅವಳು ಕೇಳಿದರೆ ಹಸಿವೇ ಸತ್ತುಹೋಗುತ್ತಿತ್ತು. ಕೇಂದ್ರದಲ್ಲಿ ಕೆಲಸವೂ ಇರಲೊಂದು ಕೋಣೆಯೂ ಸಿಕ್ಕ ದಿನ, ಇನ್ನು ಆ ಮನೆಯಲ್ಲಿ ಬಿದ್ದಿರಲಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಕೇಂದ್ರವೇನು ದೊಡ್ಡದಲ್ಲ. ಹೈದರಾಬಾದಿನಿಂದ ಬಂದ ಬಿಳಿ ಉಣ್ಣೆಯ ಒಂದು ಟಗರನ್ನು ನಮ್ಮ ಕರಿ ಕುರಿಗಳ ಜೊತೆ ಕೂಡಿಸಿ, ನಯವಾದ ಉಣ್ಣೆಯ ತಳಿ ತೆಗೆಯಬೇಕು, ಅದೇ ಉದ್ದೇಶ. ಅರ್ಧ ಖರ್ಚು ಸರ್ಕಾರದ್ದು, ಅರ್ಧ ಯಾದಗಿರಿಯ ಉಣ್ಣೆ ವ್ಯಾಪಾರಿಗಳದ್ದು. ಎರಡೂ ಮಂಜೂರಾಗುತ್ತಿದ್ದದ್ದು ಟಗರಿನ ಹೆಸರಿಗೆ. ಸಾಹೇಬರು, ಜವಾನ, ಕಾವಲುಗಾರ, ನಾನು, ಎಲ್ಲರೂ ಕಾಗದದಲ್ಲಿ ಟಗರಿನ ಪಾಲನೆಯ ಖರ್ಚು. ಅದು ಒಂದು ಸಲ ಕೆಮ್ಮಿದರೆ ನಮ್ಮೆಲ್ಲರ ಎದೆ ಧಸಕ್ಕೆನ್ನುತ್ತಿತ್ತು.

ನಮ್ಮ ಮೇಲೊಂದು ಸಲಹಾ ಮಂಡಳಿ. ಅದರಲ್ಲಿ ತಹಸೀಲ್ದಾರರು, ಒಬ್ಬ ಉಣ್ಣೆ ವ್ಯಾಪಾರಿ, ಕುರುಬರ ಪರವಾಗಿ ಒಬ್ಬ ಮುದುಕ. ಮುದುಕನನ್ನು ನಾನು ಕಾಕಾ ಎನ್ನುತ್ತಿದ್ದೆ. ಮಂಡಳಿ ಹಣ ಮುಟ್ಟುವಂತಿಲ್ಲ, ನೌಕರರನ್ನು ಇಡುವಂತಿಲ್ಲ, ತೆಗೆಯುವಂತಿಲ್ಲ. ಟಗರನ್ನು ಯಾರ ವಶಕ್ಕೆ ಬಿಡಬೇಕು ಎನ್ನುವುದೊಂದೇ ಅದರ ಅಧಿಕಾರ. ಅದನ್ನೂ ಚಲಾಯಿಸಿದ್ದಿಲ್ಲ, ಯಾಕೆಂದರೆ ಯಾವ ಕುರುಬನೂ ಟಗರನ್ನು ಹತ್ತಿರ ಸೇರಿಸುತ್ತಿರಲಿಲ್ಲ.

"ನಮ್ಮ ಕಂಬಳಿ ಕರೇದ ಇರಬೇಕ್ರಿ. ಬಿಳೇದು ಹೊದ್ದು ಯಾರ ಮುಂದ ಹೋಗೂಣು?" ಎಂದು ಮೊದಲು ತಕರಾರು ತೆಗೆಯುತ್ತಿದ್ದವನು ಕಾಕಾನೇ.

ಹೀಗಾಗಿ ಸಾಹೇಬರು ಪ್ರತಿ ವರ್ಷ 'ಪ್ರಯತ್ನ ಮುಂದುವರಿದಿದೆ' ಎಂದು ಬರೆಯುತ್ತಿದ್ದರು, ಪ್ರತಿ ವರ್ಷ ಮಂಜೂರಾತಿ ಬರುತ್ತಿತ್ತು. ಟಗರು ತಿಂದು ತಿಂದು ಜೋಳ ತುಂಬಿದ ಹಗೇವಿನಂತಾಗಿತ್ತು.

ಅಷ್ಟರಲ್ಲಿ ರಾಜ್ಯಗಳು ಕೂಡಿದವು, ನಾವು ಮೈಸೂರು ರಾಜ್ಯದವರಾದೆವು. ಹೈದರಾಬಾದಿನವರು ನೀವಿನ್ನು ನಮ್ಮವರಲ್ಲ ಅಂದರು. ಬೆಂಗಳೂರಿನವರು ನಿಮ್ಮ ಫೈಲು ಬಂದಿಲ್ಲ ಅಂದರು. ಆ ಕೆಲವು ತಿಂಗಳು ನಮ್ಮನ್ನು ಆಳಿದವರು ಯಾರೋ, ಇವತ್ತಿಗೂ ನನಗೆ ತಿಳಿಯದು. ಕಡೆಗೆ ಬೆಂಗಳೂರಿಂದ ಮೊದಲ ಆದೇಶ ಬಂತು. ಟಗರನ್ನು ಲಾರಿಯಲ್ಲಿ ದಕ್ಷಿಣದ ಕೇಂದ್ರಕ್ಕೆ ಕಳಿಸತಕ್ಕದ್ದು.

ಟಗರು ಹೋದರೆ ನಾವೆಲ್ಲ ಖಲಾಸ್. ಮಂಡಳಿಯ ಸಭೆಗೆ ಚಹಾ ಕೊಡಲು ಹೋದವಳು, ಬಾಯಿ ತಡೆಯಲಾರದೆ ಕಾಕಾನಿಗೆ ಅಂದೇಬಿಟ್ಟೆ: "ಟಗರು ಹೋದ್ರ ನಾ ಮತ್ತ ಅಣ್ಣನ ಮನಿಗೆ ಹೋಗಬೇಕಾಗ್ತದ ಕಾಕಾ. ನಾ ಒಲ್ಲೆ."

ಕಾಕಾ ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿದ. ಆಮೇಲೆ ಸಾಹೇಬರ ಕಡೆ ತಿರುಗಿದ.

"ಟಗರು ಯಾರಿಗಿ ಬಿಡಬೇಕಂತ ಹೇಳೋದು ನಮ್ಮ ಕೈಯಾಗ ಅದ ಅಲ್ರಿ?"

"ಹೌದು, ನಿಮ್ಮದೇ ಅಧಿಕಾರ."

"ಹಂಗಾರ ತಿಂಥಣಿ ಮೌನೇಶ್ವರಗ ಬಿಟ್ಟೀವಿ ಅಂತ ಬರಕೊಳ್ರಿ."

ತಹಸೀಲ್ದಾರರು ಕಿಟಕಿಯ ಆಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು. ವ್ಯಾಪಾರಿ ಕೈ ಮುಗಿದ. ಸಾಹೇಬರು ಮುಸಲ್ಮಾನರು, ಆದರೆ ತಿಂಥಣಿಯ ಆ ದೇವರಿಗೆ ಅವರ ಮನೆಯವರೂ ನಡೆದುಕೊಳ್ಳುತ್ತಿದ್ದರು. "ಬರೀಲಿಲ್ಲಂದ್ರ ಬೇಗಂ ನನ್ನ ಮನಿಯೊಳಗ ಬಿಡಂಗಿಲ್ಲ" ಎಂದು ಲೇಖನಿ ತೆಗೆದರು.

ಲಾರಿ ಬಂದಾಗ ಟಗರಿನ ಹಣೆಗೆ ವಿಭೂತಿ, ಕೊರಳಿಗೆ ಗಂಟೆ. ದೇವರಿಗೆ ಬಿಟ್ಟ ಪ್ರಾಣಿಯನ್ನು ಕಟ್ಟುವಂತಿಲ್ಲ, ಸೀಮೆ ದಾಟಿಸುವಂತಿಲ್ಲ. ಡ್ರೈವರ್ ಅದನ್ನು ನೋಡಿದ, ಸುತ್ತ ನಿಂತ ಕುರುಬರನ್ನು ನೋಡಿದ. "ನಾ ಮಕ್ಕಳೊಂದಿಗ ಅದೀನ್ರಿ, ದೇವರ ಶಾಪ ನನಗ ಬ್ಯಾಡ" ಎಂದು ಖಾಲಿ ಲಾರಿ ತಿರುಗಿಸಿಕೊಂಡು ಹೋದ. ನಾನು ಉಣ್ಣೆಯ ಕೋಣೆಗೆ ಓಡಿ, ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ದೇವರ ಟಗರಿಗೆ ಬೇಲಿಯುಂಟೇ? ಕಂಡವರ ಜೋಳ ಮೇಯಿತು, ಕಂಡವರ ಹಿಂಡಿಗೆ ನುಗ್ಗಿತು. ಬಿಳಿ ಮರಿ ಬೇಡವೆಂದು ವರ್ಷಗಟ್ಟಲೆ ಮುಖ ತಿರುಗಿಸಿದ್ದ ಅದೇ ಕುರುಬರು, "ಮೌನೇಶ ನಮ್ಮ ಹಟ್ಟಿಗೆ ಬಂದಾನ" ಎಂದು ಅದಕ್ಕೆ ಬೆಲ್ಲ ತಿನ್ನಿಸಿ ಉಳಿಸಿಕೊಳ್ಳುತ್ತಿದ್ದರು. ಮುಂದಿನ ಹಂಗಾಮಿಗೆ ಎಲ್ಲಿ ನೋಡಿದರೂ ಕರಿ ಬಿಳಿ ಪಟ್ಟೆಯ ಮರಿಗಳು.

ಟಗರು ಯಾಕೆ ಬರಲಿಲ್ಲವೆಂದು ವಿಚಾರಿಸಲು ಬೆಂಗಳೂರಿನ ಅಧಿಕಾರಿ ಬಂದರು. ಮರಿಗಳನ್ನು ಕಂಡು ಸಿಟ್ಟೆಲ್ಲ ಇಳಿದುಹೋಯಿತು. "ಇಷ್ಟು ಚೆನ್ನಾಗಿ ಕೆಲಸ ಮಾಡಿರೋ ಕೇಂದ್ರ ನಾನೆಲ್ಲೂ ನೋಡಿಲ್ಲ ಕಣ್ರೀ" ಎಂದು ಸಾಹೇಬರ ಕೈ ಕುಲುಕಿದರು. ಊರಿಗೆ ಮರಳಿ ವರದಿ ಕಳಿಸಿದರು: ಉದ್ದೇಶ ಈಡೇರಿದೆ, ಇನ್ನು ಅನುದಾನದ ಅಗತ್ಯವಿಲ್ಲ.

ಏನೂ ಮಾಡದಿದ್ದಾಗ ವರ್ಷ ವರ್ಷವೂ ಅನ್ನ ಹಾಕಿದ ಸರ್ಕಾರ, ಕೆಲಸ ಆದ ಕೂಡಲೇ ಬೀಗ ಹಾಕಿತು. ಸಾಹೇಬರಿಗೆ, ಜವಾನನಿಗೆ, ಕಾವಲುಗಾರನಿಗೆ ವರ್ಗವಾಯಿತು. ಹಂಗಾಮಿಯವಳಿಗೆ ಎಲ್ಲಿಯ ವರ್ಗ? ಅಳುತ್ತಲೇ ಸೀರೆ ಪಾತ್ರೆ ಗಂಟು ಕಟ್ಟುತ್ತಿದ್ದೆ, ಕಾಕಾ ಬಾಗಿಲಲ್ಲಿ ಬಂದು ನಿಂತ.

"ಎಲ್ಲಿಗಿ ಹೊಂಟಿ?"

"ಸುರಪುರಕ್ಕ. ನೀನ ಮಾಡಿಟ್ಟಿಯಲ್ಲ, ಹೊಟ್ಟಿ ತಣ್ಣಗಾತೇನ?"

"ನಮ್ಮ ಹಿಂಡು ನೋಡೀಯೇನ? ಉಣ್ಣಿ ಎಲ್ಲಾ ಕಲಬೆರಕಿ ಆಗ್ಯದ. ಕರೇದು ಬಿಳೇದು ಬ್ಯಾರೆ ಮಾಡಲಾರದ ಒಂದ ಕಂಬಳಿ ನೇಯಾಕ ಆಗವಲ್ದು. ಹಟ್ಟಿ ಹೆಂಗಸರು ನನ್ನ ಬೈಯಾಕತ್ಯಾರ. ನಡಿ, ಗಂಟು ನಮ್ಮ ಹಟ್ಟಿಯಾಗ ಬಿಚ್ಚು."

"ಪಗಾರ ಯಾರ ಕೊಡ್ತಾರ?"

"ಹಟ್ಟಿಯವರೆಲ್ಲ ಕೂಡಿ ಕೊಡ್ತೀವಿ. ಎಷ್ಟು ಅಂತ ಆಮ್ಯಾಲ ಜಗಳಾಡೂಣು. ಮೊದಲ ಮಾರಿ ತೊಳಕೋ."

ಹಟ್ಟಿಗೆ ಹೋಗಿಯೇ ಬಿಚ್ಚಿದೆ. ಮಂಡಳಿ, ಮಂಜೂರಾತಿ ಯಾವುದೂ ಇಲ್ಲದೆ ಬೇವಿನ ಗಿಡದ ಕೆಳಗೆ ಕೆಲಸ ಶುರುವಾಯಿತು. ಪಗಾರದ ಜಗಳದಲ್ಲಿ ನಾನೇ ಗೆದ್ದೆ.

ಆ ವರ್ಷ ಪಂಚಮಿಗೆ ಅಣ್ಣ ತಾನಾಗಿ ಕರೆಯಲು ಬಂದ. ಹೋದೆ, ಹಬ್ಬ ಮಾಡಿದೆ. ಹೊರಟು ನಿಂತಾಗ ಅತ್ತಿಗೆ ಸೆರಗು ಹಿಡಿದು, "ಇನ್ನೆರಡ ದಿನ ಇರಬಾರದೇನ?" ಅಂದಳು.

"ಆಗಂಗಿಲ್ಲ ವೈನಿ," ಅಂದೆ. "ಅಲ್ಲಿ ನನ್ನ ದಾರಿ ಕಾಯಾಕತ್ತಿರ್ತಾರ."