ಜೋಡಿ ಯಾರಿದ್ರು?

ಪ್ಯಾರಿಸ್ ಹೋಟೆಲಿನ ಹುಡುಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ತಲೆದಿಂಬು ಮೆತ್ತಗಿರಬೇಕೋ, ಗಟ್ಟಿಯೋ? ನಮ್ಮೂರು ಬನಹಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎಲ್ಲರೂ ಕೇಳಿದ್ದೂ ಒಂದೇ ಪ್ರಶ್ನೆ: ‘ಜೋಡಿ ಯಾರಿದ್ರು?’

ಯಾರೂ ಇರಲಿಲ್ಲ. ಪೂರ್ವಕ್ಕೆ ಹೊರಟು ಪಶ್ಚಿಮದಿಂದ ಮರಳಿದ ಆ ಪುಟ್ಟ ಪ್ರವಾಸದುದ್ದಕ್ಕೂ ನಾನೊಬ್ಬಳೇ. ಟೋಕಿಯೊ, ನ್ಯೂಯಾರ್ಕ್, ಪ್ಯಾರಿಸ್. ಮಲಗಿಕೊಂಡು ಹೋಗುವ ಬಿಸಿನೆಸ್ ಕ್ಲಾಸ್ ಸೀಟು, ಕಿಟಕಿ ತುಂಬ ಊರು ಕಾಣುವ ರೂಮು. (ಯಜಮಾನರಿಗೆ ಬೀಳಗಿ ಬಸ್ಸಿನಲ್ಲೇ ತಲೆ ಸುತ್ತುತ್ತದೆ. ‘ನೀ ಹೋಗಿ ಬಾ, ನನಗ ಫೋಟೋ ಸಾಕು’ ಎಂದರು.)

ತಲೆಯ ಮೇಲೆ ಸೀರೆ ಗಂಟು ಹೊತ್ತು ತೇರದಾಳ, ಚಿಮ್ಮಡ ತಿರುಗಿ ಅಂಗಡಿ ಮಾಡಿದವಳು ನಾನು. ಚೌಕಾಸಿ ಮಾಡದೆ ಕೊತ್ತಂಬರಿಯನ್ನೂ ತರುವುದಿಲ್ಲ ಎಂಬುದು ವಾರ ವಾರ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಟ್ರಾವೆಲ್ ಏಜೆಂಟನನ್ನು ಬಿಡುತ್ತೇನೆಯೇ? ನೀವೂ ಹೋಗುವುದಾದರೆ ಸೀಸನ್ ಮುಗಿದ ಮೇಲೆ ಹೋಗಿ. ಮೊದಲ ದರ ಕೇಳಿದ ಕೂಡಲೇ ಎದ್ದು ನಿಲ್ಲಿ.

ಆದರೆ ಇವತ್ತಿನ ಮಾತು ಅದಲ್ಲ.

ಮುಧೋಳದಲ್ಲಿ ನನ್ನ ತಮ್ಮನ ಮನೆ. ಅವನ ಮಗಳು ಸುಜಾತಾ ಸೀರೆಯ ಸೆರಗಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುತ್ತಾಳೆ. ನನ್ನ ಅಂಗಡಿಯಲ್ಲಿ ಮೊದಲು ಖಾಲಿಯಾಗುವುದು ಅವಳ ಸೆರಗೇ. ಅವಳಿಗೆ ಸೂರತ್‌ನಲ್ಲಿ ಡಿಸೈನ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ಲೂ ಇತ್ತು. ಅಪ್ಪ ಬೇಡ ಎಂದಿದ್ದ. ಹುಡುಗಿ ನನ್ನನ್ನೇ ಕಾಯುತ್ತಿದ್ದಳು.

‘ಅತ್ತಿ, ನೀ ಜಗತ್ತ ಸುತ್ತಿ ಬಂದಾಕಿ. ನಿನ್ನ ಮಾತ ಅಪ್ಪ ತಗದ ಹಾಕೂದಿಲ್ಲ’ ಎಂದಳು.

ನನಗೂ ಹಾಗೇ ಅನಿಸಿತು. ಫಾರಿನ್ ತಿರುಗಿದವರಿಗೆ ಮೊದಲು ತಗಲುವ ರೋಗ ಇದು.

ಚಾಕಲೇಟ್ ಡಬ್ಬಿ ಹಿಡಿದು ಹೋದೆ. ತಮ್ಮ ಕಪ್ಪಿನ ಚಹಾ ಬಸಿಗೆ ಸುರಿದುಕೊಂಡು ಶುರು ಮಾಡಿದ.

‘ನಿನ್ನ ಮಾತ ಬ್ಯಾರೆ, ಆಕಿ ಮಾತ ಬ್ಯಾರೆ ಬೇ ಅಕ್ಕ. ಈ ವಯಸ್ಸಿನಾಗ ನಿನ್ನ ಯಾವ ಕಳ್ಳ ಎತ್ತಿಕೊಂಡ ಹೊಕ್ಕಾನ?’

‘ನಿನ್ನ ಟೊಂಕದ ಮ್ಯಾಲ ಎತ್ತಿಕೊಂಡ ತಿರುಗಿದಾಕಿ ನಾ. ಸುಮ್ನ ಕೇಳಲೇ.’

‘ಏನರ ಅನ್ನು. ಒಬ್ಬಾಕಿನ್ನ ಕಳಸೂದಿಲ್ಲ ಅಂದ್ರ ಕಳಸೂದಿಲ್ಲ. ಮಂದಿ ಏನ ಅಂತಾರ?’

ಅಲ್ಲಿ ನಾನು ಎದ್ದು ನಿಲ್ಲಬೇಕಿತ್ತು. ಬದಲಿಗೆ ದರ ಇಳಿಸಿದೆ. ಜೊತೆಗೆ ಹಿರಿಯ ಹೆಂಗಸೊಬ್ಬಳು ಹೋದರಾಯಿತು, ತಮ್ಮನ ಮರ್ಯಾದೆಯೂ ಉಳಿಯಿತು, ಹುಡುಗಿಯ ಸೀಟೂ ಉಳಿಯಿತು. ಇದು ನನ್ನ ಲೆಕ್ಕ.

‘ಆತು. ಜೋಡಿ ಒಬ್ಬರನ್ನ ನೋಡಿ ಕಳಸು’ ಎಂದೆ.

ತಮ್ಮ ಬಸಿ ಕೆಳಗಿಟ್ಟ. ‘ನೀನ ಹೇಳಿದಿ ನೋಡ. ಜೋಡಿ ನೋಡಿನ ಕಳಸ್ತೀನಿ. ಮಾತ ಪಕ್ಕಾ?’

‘ಪಕ್ಕಾ.’

ಅವನ ಹೆಂಡತಿ ಒಳಗಿನಿಂದ ಸಕ್ಕರೆ ತಂದು ಕೈಗೆ ಹಾಕಿದಳು. ವ್ಯಾಪಾರ ಗೆದ್ದೆ ಎಂದುಕೊಂಡು, ಅದನ್ನು ಬಾಯಿಗೆ ಹಾಕಿಕೊಂಡು ಬನಹಟ್ಟಿ ಬಸ್ ಹತ್ತಿದೆ.

ನಮ್ಮ ಕಡೆ ‘ನನ್ನ ಜೋಡಿ ಬಾ’ ಎಂದರೆ ನನ್ನ ಜೊತೆಗೆ ಬಾ ಎಂದರ್ಥ. ಬೆಳೆದ ಹುಡುಗಿಗೆ ‘ಜೋಡಿ ನೋಡುವುದು’ ಎಂದರೆ? ವರ. ಸಂಬಂಧಕ್ಕೆ ಒಪ್ಪಿದ ಗುರುತಿಗೇ ಕೈಗೆ ಸಕ್ಕರೆ. ಮದುವೆ ಸೀರೆ ಮಾರಿ ಬದುಕುವವಳಿಗೆ ಇದು ಹೊಳೆಯಲಿಲ್ಲ.

ಮುಂದಿನ ವಾರ ಫೋನ್ ಬಂತು. ಜಮಖಂಡಿಯ ಹುಡುಗ, ಮಾತುಕತೆ ಮುಗಿದಿದೆಯಂತೆ. ಓಡಿದೆ.

‘ನಾ ಹೇಳಿದ್ದ ಜೊತಿಗೆ ಹೋಗೂ ಹೆಣ್ಣಮಗಳನ್ನಲೇ’ ಎಂದೆ.

‘ಸಕ್ಕರಿ ತಿಂದ ಹೋಗಿ ಈಗ ಹಿಂಗಂದ್ರ ಹೆಂಗ? ಬೀಗರಿಗೆ ನಿನ್ನ ಹೆಸರನ ಹೇಳೀನಿ. ಜಗತ್ತ ಸುತ್ತಿ ಬಂದ ನಮ್ಮ ಅಕ್ಕ ಒಪ್ಯಾಳ ಅಂತ.’

‘ಮತ್ತ ಟ್ರೇನಿಂಗ್?’

‘ಅದನ್ನ ಇನ್ನ ಆಕಿ ಗಂಡನ್ನ ಕೇಳ.’

ಹುಡುಗ ಕೆಟ್ಟವನೇನಲ್ಲ. ಟ್ರೇನಿಂಗ್ ಬಗ್ಗೆ ‘ಮುಂದ ನೋಡೂಣು’ ಎಂದನಂತೆ. ‘ಮುಂದ ನೋಡೂಣು’ ಎಂದು ಹೋದ ಗಿರಾಕಿ ಮರಳಿ ಬಂದದ್ದನ್ನು ಈ ಅಂಗಡಿಯವಳಂತೂ ಕಂಡಿಲ್ಲ.

ಸುಜಾತಾ ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದಳು. ‘ನೀ ಯಾಕ ಹ್ಞೂಂ ಅಂದಿ?’ ಎಂದು ಕೇಳಿದೆ.

‘ನೀನ ಹ್ಞೂಂ ಅಂದ್ಯಲ್ಲ ಅತ್ತಿ. ಇನ್ನ ಯಾರ ಮಾರಿ ನೋಡ್ಲಿ?’

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನಕ್ಕಾದರೂ ನಾಲ್ಕು ಮಾತು ಸಿಗುತ್ತಿದ್ದವು.

ಸೂರತ್ತಿನ ಸೀಟು ಬೇರೆ ಯಾರಿಗೋ ಹೋಯಿತು. ಅಕ್ಷತೆಯ ಹೊತ್ತಿಗೆ ಉಡುವ ಸೀರೆ ನನ್ನ ಅಂಗಡಿಯದೇ ಬೇಕೆಂದು ತಮ್ಮ ಹೇಳಿ ಕಳಿಸಿದ್ದಾನೆ, ಅದೂ ಆರಿಸಿ ಒಳ್ಳೆಯದು. ವಾರ ವಾರ ನಿಮಗೆ ಬುದ್ಧಿ ಹೇಳುವವಳ ಬಳಿ ಈ ವಾರ ಯಾವ ಉಪಾಯವೂ ಇಲ್ಲ. ಒಂದು ಪ್ರಶ್ನೆ ಮಾತ್ರ ಇದೆ.

ಅವಳದೇ ಆಗಿದ್ದನ್ನು ಅವಳಿಗೆ ಕೊಡಿಸಲು ನಾನು ಚೌಕಾಸಿಗೆ ಕೂತದ್ದಾದರೂ ಯಾಕೆ?