ನಾಲ್ಕನೇ ಗುಳಿಯ ತಗ್ಗಿನಲ್ಲಿ ಕೊಯ್ದ ಪೈಪು

ಜಿಂಕೆ ಬೇಟೆಯ ಹಿಂದಿನ ದಿನದವರೆಗೂ ಆಟ ನಿಲ್ಲಿಸಬಾರದು ಎಂಬುದು ಆ ಗಾಲ್ಫ್ ಕ್ಲಬ್ಬಿನವರ ಹಟ. ಮರುದಿನ ಊರಿನ ಗಂಡಸರೆಲ್ಲ ಬಂದೂಕು ಹೆಗಲಿಗೇರಿಸಿ ಕಾಡು ಸೇರುತ್ತಾರೆ. ಮೈದಾನದ ಹೊಟ್ಟೆಯೊಳಗಿನ ನೀರು ಮಾತ್ರ ಮೈದಾನ ನೋಡಿಕೊಳ್ಳುವ ವರ್ಲಿನ್ ಸಾಥರನ ತಲೆಗೆ. ಹುಲ್ಲಿಗೆ ನೀರುಣಿಸುವ ಮೊಣಕಾಲಾಳದ ಪೈಪುಗಳಿಗೆ ಗಾಳಿ ಊದಿ ನೀರನ್ನೆಲ್ಲ ಹೊರಗಟ್ಟಬೇಕು. ಉಳಿದ ನೀರು ಹೆಪ್ಪುಗಟ್ಟಿದರೆ ಪೈಪು ಸೀಳುತ್ತದೆ. ಹೋದ ಚಳಿಗಾಲ ಹದಿನಾಲ್ಕು ಕಡೆ ಸೀಳಿತ್ತು.

"ಇನ್ನೊಂದ್ಸಲ ಹಂಗಾದ್ರೆ ಬೇರೆ ಕೆಲ್ಸ ನೋಡ್ಕೊ" ಎಂದಿದ್ದರು ಕ್ಲಬ್ಬಿನ ಅಧ್ಯಕ್ಷರು, ಹಲ್ಲಿನ ಡಾಕ್ಟರ್ ಎಂಗೆನ್.

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಐವತ್ತಮೂರರ ಮನುಷ್ಯನಿಗೆ ಮಿನೆಸೋಟದ ಆ ಮೂಲೆಯಲ್ಲಿ ಇನ್ಯಾವ ಕೆಲಸ?

ಬೇಟೆ ಶುರುವಾದ ಆ ಶನಿವಾರ ಸಂಜೆಯಿಂದ ವಾರವಿಡೀ ಕಡುಚಳಿ ಎಂದು ರೇಡಿಯೊ ಹೇಳಿತು. ಜೊತೆಗೆ ಸಿಕ್ಕಿದ್ದು ಹೆಂಡತಿಯ ಅಕ್ಕ ಮಾರ್ಲಿಸ್ ಒಬ್ಬಳೇ, ಕ್ಲಬ್ಬಿನ ಅಡುಗೆಯವಳು. ಅವನು ಪಂಪುಮನೆಯ ಬಳಿ ಗಾಳಿಯಂತ್ರ ನಡೆಸಿದರೆ, ಅವಳು ದೂರದ ಸ್ಪ್ರಿಂಕ್ಲರ್‌ನಿಂದ ಶುರುಮಾಡಿ ಒಂದೊಂದನ್ನೇ ತೆರೆಯಬೇಕು. ಮೊದಲು ನೀರು ಬರುತ್ತದೆ, ಆಮೇಲೆ ತುಂತುರು, ಕೊನೆಗೆ ಒಣಗಾಳಿ. ಆಗ ಮುಚ್ಚಿ ಮುಂದಿನದಕ್ಕೆ. ಹೀಗೆ ಗುಳಿಯಿಂದ ಗುಳಿಗೆ, ಅಂದರೆ ಚೆಂಡು ಬೀಳಿಸುವ ಒಂದೊಂದು ಗುಳಿಯ ಸುತ್ತಲಿನ ಹುಲ್ಲುಪಟ್ಟೆಗೆ.

"ಇನ್ನೂ ನೀರೇ ಕಣೋ" ಎಂದಳು ವಾಕಿಟಾಕಿಯಲ್ಲಿ.

"ಮಧ್ಯಾಹ್ನ ಆಯ್ತು, ಎರಡೇ ಗುಳಿ ಮುಗ್ದಿರೋದು! ನಿದ್ದೆ ಮಾಡ್ತಿದೀಯಾ?"

"ಗಾಳಿ ನಿನ್ ಹೆಂಡ್ತಿ ಅಲ್ಲ, ಬಯ್ದ್ರೆ ಓಡೋಕೆ."

ವರ್ಲಿನ್‌ನ ತಲೆ ಕೆಟ್ಟಿತು. ಯಂತ್ರದ ಗಾಳಿ ಬಿಸಿ, ಮೆಲ್ಲಗೆ ಊದದಿದ್ದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಊರಿಗೆಲ್ಲ ಈ ಪಾಠ ಹೇಳಿದವನೇ ಅವನು. ಆದರೂ ಒತ್ತಡ ಏರಿಸಿಯೇ ಬಿಟ್ಟ. ಐದು ನಿಮಿಷಕ್ಕೆ ಪಂಪುಮನೆಯ ಪಕ್ಕದ ಪೈಪಿನ ಜೋಡಣೆ ಢಮ್ಮೆಂದು ಹಾರಿ, ಕೆಸರು ಮುಖಕ್ಕೆ ರಾಚಿತು. ಬದಲಿ ತುಂಡು ತರೋಣವೆಂದರೆ ಅಂಗಡಿಯವನೂ ಬಾಗಿಲಿಗೆ ಬೀಗ ಜಡಿದು ಬೇಟೆಗೆ ಹೋಗಿದ್ದ.

ಮಾರ್ಲಿಸ್ ಓಡಿಬಂದಾಗ ಅವನು ಯಂತ್ರಕ್ಕೆ ಒದೆಯುತ್ತಿದ್ದ.

"ಅದಾದ್ಮೇಲೆ ನಂಗೂ ಒದೀತೀಯಾ?"

"ಮುಗೀತು ಮಾರ್ಲಿಸ್. ನಾನೇ ಹಾಳ್ಮಾಡ್ದೆ."

"ಊದ್ಲೇಬೇಕಾ? ನೀರು ತಗ್ಗಿಗೆ ತಾನಾಗೇ ಇಳ್ಯಲ್ವಾ?"

"ಇಳಿಯೋಕೆ ದಾರಿ ಎಲ್ಲಿದೆ..." ಎಂದವನು ಅಲ್ಲಿಗೇ ನಿಂತ. ಎಲ್ಲಕ್ಕಿಂತ ತಗ್ಗು ನಾಲ್ಕನೇ ಗುಳಿ, ತೊರೆಯ ಪಕ್ಕ. ಅಲ್ಲಿ ಪೈಪು ಕೊಯ್ದರೆ ನೀರಿಗೆ ದಾರಿ. ಆದರೆ ಅಲ್ಲಿನ ಹುಲ್ಲೆಂದರೆ ಎಂಗೆನ್‌ಗೆ ಪ್ರಾಣ, ಗಾಡಿ ಹತ್ತಿಸಲೂ ಬಿಡುತ್ತಿರಲಿಲ್ಲ. ಪೈಪು ಸೀಳಿದರೂ ಕೆಲಸ ಹೋಗುತ್ತದೆ, ಹುಲ್ಲು ಅಗೆದರೂ ಹೋಗುತ್ತದೆ.

ವರ್ಲಿನ್ ಅಗೆದ. ಹುಚ್ಚು ಹಿಡಿದವನಂತೆ ಅಗೆದ. ತೊರೆಯವರೆಗೂ ಕಾಲುವೆ ಸೀಳಿ ಗರಗಸ ಹಾಕಿದ. ಭುಸ್ಸೆಂದು ನುಗ್ಗಿದ ನೀರು ಬೂಟಿನೊಳಗೂ ತುಂಬಿತು. ಮೇಲೆ ಮಾರ್ಲಿಸ್ ಸ್ಪ್ರಿಂಕ್ಲರ್‌ಗಳನ್ನು ತೆರೆಯುತ್ತ ಬಂದಳು.

"ನೀರು ಇಳೀತಿದೆ ಕಣೋ, ಗಾಳಿ ಒಳಗೆಳ್ಕೊತಿದೆ! ಸಿಳ್ಳೆ ಹೊಡೀತಿದೆ!"

ಎಂಗೆನ್‌ಗೆ ಫೋನ್ ಮಾಡಿದ. ಅವರು ಎತ್ತಲಿಲ್ಲ. ವಾಯ್ಸ್‌ಮೇಲಿಗೇ ಹೇಳಿದ: "ಡಾಕ್ಟ್ರೇ, ನಾಲ್ಕನೇದನ್ನ ಅಗೆದು ಪೈಪು ಕೊಯ್ದಿದೀನಿ. ನಾನೇ ಕೊಯ್ದಿದ್ದು. ಬಯ್ಯೋದಿದ್ರೆ ಸೋಮವಾರ ಬಯ್ರಿ."

ಆರನೇ ಗುಳಿಯಲ್ಲೂ ಒಂದು ತಗ್ಗಿತ್ತು. ಅಲ್ಲಿ ನಿಂತ ನೀರು ನಾಲ್ಕನೆಯದಕ್ಕೆ ಇಳಿಯುವಂತಿರಲಿಲ್ಲ. ಸೂರ್ಯ ಮರಗಳ ಮೇಲೆ ಒಂದು ಗೇಣಿದ್ದ. ವರ್ಲಿನ್ ಸಲಿಕೆ ಎತ್ತಿಕೊಂಡು, ಒದ್ದೆ ಬೂಟಿನಲ್ಲೇ ಅತ್ತ ಓಡಿದ.